ಹಡಗಿನ ಹೊಗೆ, ಕಡಲ ಉಪ್ಪು ಮತ್ತು ಮೋಡದ ಬಿಳುಪು

ಪ್ರಶ್ನೆ: ನಾನು ವ್ಯಾಪಾರಿ ಹಡಗೊಂದರ ಎಂಜಿನ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. 2020ರಿಂದ ನಾವು ಗಂಧಕ ಕಡಿಮೆಯಿರುವ ಎಣ್ಣೆಯನ್ನೇ ಉರಿಸುತ್ತಿದ್ದೇವೆ. ಇದರಿಂದ ಕಡಲ ಮೇಲಿನ ಮೋಡಗಳ ಬಿಳುಪು ತಗ್ಗಿ ಭೂಮಿ ಇನ್ನಷ್ಟು ಬಿಸಿಯಾಗುತ್ತಿದೆ ಎಂದು ಈಚೆಗೆ ಓದಿದೆ. ಹಡಗಿನ ಹೊಗೆಗೂ ಮೋಡಕ್ಕೂ ಏನು ಸಂಬಂಧ? ಹೊಗೆಯನ್ನು ಶುದ್ಧಗೊಳಿಸಿದ್ದೇ ತಪ್ಪಾಯಿತೇ? (ಮಂಗಳೂರಿನ ಓದುಗರೊಬ್ಬರು)

ಉತ್ತರ: ಸಂಬಂಧವಿದೆ, ಅದೂ ಬಹಳ ಹತ್ತಿರದ ಸಂಬಂಧ. ತಪ್ಪಾಯಿತೇ ಎಂಬ ಪ್ರಶ್ನೆಗೆ ಮಾತ್ರ ಖಂಡಿತ ಇಲ್ಲ ಎಂದೇ ಹೇಳುತ್ತೇನೆ. ಏಕೆ ಹಾಗೆ ಹೇಳುತ್ತೇನೆಂಬುದು ತಿಳಿಯಬೇಕಾದರೆ ಮೋಡದ ಒಂದು ಹನಿ ಹೇಗೆ ಹುಟ್ಟುತ್ತದೆ ಎಂಬಲ್ಲಿಂದ ಹೊರಡಬೇಕು.

ಗಾಳಿಯಲ್ಲಿರುವ ನೀರಾವಿ ತಣ್ಣಗಾದ ಮಾತ್ರಕ್ಕೆ ತಾನೇ ತಾನಾಗಿ ಹನಿಗಟ್ಟುವುದಿಲ್ಲ. ಕಣಗಳೇ ಇಲ್ಲದ ಗಾಳಿಯಲ್ಲಿ ಹನಿ ಮೂಡಬೇಕಾದರೆ ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿದಿಡಬಲ್ಲ ನೀರಾವಿಗೆ ಹೋಲಿಸಿದರೆ ಅದರಲ್ಲಿ ಎಷ್ಟಿದೆ ಎಂಬ ಅಳತೆ) ಶೇಕಡಾ ನೂರನ್ನು ಮೀರಿ ಹಲವು ಪಟ್ಟು ಏರಬೇಕಾಗುತ್ತದೆ. ನಿಜವಾದ ಮೋಡದೊಳಗೆ ಅದು ಶೇ 101ನ್ನು ದಾಟುವುದೇ ಅಪರೂಪ. ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ 1880ರಲ್ಲಿ ಇದನ್ನು ಬಹಳ ಸರಳವಾಗಿ ತೋರಿಸಿಕೊಟ್ಟರು. ಎರಡು ಗಾಜಿನ ಪಾತ್ರೆಗಳ ಪೈಕಿ ಒಂದರಲ್ಲಿ ಸಾಮಾನ್ಯ ಗಾಳಿಯನ್ನೂ ಇನ್ನೊಂದರಲ್ಲಿ ಹತ್ತಿಯ ಮೂಲಕ ಸೋಸಿದ ಗಾಳಿಯನ್ನೂ ತುಂಬಿ ಎರಡಕ್ಕೂ ಹಬೆ ಹಾಯಿಸಿದಾಗ, ಮೊದಲನೆಯದರಲ್ಲಿ ದಟ್ಟವಾದ ಬಿಳಿ ಮಂಜು ಕಟ್ಟಿತು, ಎರಡನೆಯದು ತಿಳಿಯಾಗಿಯೇ ಉಳಿಯಿತು. ನೀರಾವಿಗೆ ಕೂರಲು ಒಂದು ನೆಲೆ ಬೇಕು; ಆ ನೆಲೆಯೇ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣ. ಉಪ್ಪು, ಗಂಧಕದಿಂದಾಗುವ ಸಲ್ಫೇಟ್ ಮುಂತಾದ ತೇವ ಹೀರುವ ವಸ್ತುಗಳ ಕಣಗಳು ಈ ಕೆಲಸಕ್ಕೆ ತುಂಬ ಸೂಕ್ತವಾದವು, ಏಕೆಂದರೆ ಅವು ನೀರಿನಲ್ಲಿ ಕರಗಿ, ಹನಿಯಿಂದ ನೀರು ಮತ್ತೆ ಆವಿಯಾಗಿ ಹೋಗುವುದನ್ನು ತಡೆಯುತ್ತವೆ.

ಮನುಷ್ಯರ ಹೊಗೆ ಇಲ್ಲದಿದ್ದಾಗಲೂ ಕಡಲಿಗೆ ಕಣಗಳ ಕೊರತೆಯಿರಲಿಲ್ಲ. ಅಲೆ ಒಡೆದು ನೊರೆಯಾದಾಗ ನೀರಿನೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ಮೇಲೆ ಬಂದು ಸಿಡಿಯುತ್ತವೆ. ಗುಳ್ಳೆಯ ತೆಳುವಾದ ಪೊರೆ ಹರಿದಾಗ ಅತಿ ಸಣ್ಣ ತುಂತುರು ಎದ್ದರೆ, ಒಡೆದ ಗುಳ್ಳೆಯ ತಗ್ಗು ಮುಚ್ಚಿಕೊಳ್ಳುವಾಗ ನಡುವಿನಿಂದ ನೀರಿನ ಎಳೆಯೊಂದು ಚಿಮ್ಮಿ ಸ್ವಲ್ಪ ದೊಡ್ಡ ಹನಿಗಳು ಹೊರಬೀಳುತ್ತವೆ; ಇವುಗಳ ನೀರು ಆರಿದಾಗ ಉಪ್ಪಿನ ಕಣಗಳು ಗಾಳಿಯಲ್ಲಿ ಉಳಿಯುತ್ತವೆ. ಇದರ ಜೊತೆಗೆ ಕಡಲಿನ ಸಸ್ಯಪ್ಲವಕಗಳಿಂದ (ನೀರಿನಲ್ಲಿ ತೇಲುವ ಅತಿ ಸಣ್ಣ ಸಸ್ಯರೂಪಿ ಜೀವಿಗಳು) ಡೈಮೀಥೈಲ್ ಸಲ್ಫೈಡ್ ಎಂಬ ಅನಿಲ ಹೊರಬಂದು ಗಾಳಿಯಲ್ಲಿ ಸಲ್ಫೇಟ್ ಆಗಿ ಮಾರ್ಪಡುತ್ತದೆ. ಕಡಲು ಬಿಸಿಯಾದರೆ ಪ್ಲವಕಗಳು ಹೆಚ್ಚು ಅನಿಲ ಬಿಟ್ಟು, ಮೋಡವನ್ನು ಬೆಳ್ಳಗೆ ಮಾಡಿ, ತಾವೇ ಕಡಲನ್ನು ತಂಪಾಗಿಡುತ್ತವೆ ಎಂಬ ಸುಂದರವಾದ ಊಹೆಯೊಂದನ್ನು 1987ರಲ್ಲಿ ನಾಲ್ವರು ವಿಜ್ಞಾನಿಗಳು ಮುಂದಿಟ್ಟಿದ್ದರು. ಪ್ರಕೃತಿ ಅಷ್ಟು ನೇರವಾಗಿ ನಡೆಯುವುದಿಲ್ಲ ಎಂಬುದನ್ನು ನಂತರದ ಅಧ್ಯಯನಗಳು ತೋರಿಸಿದವು. ಆದರೂ ಕಡಲ ಜೀವಿಗಳಿಗೂ ಮೋಡಕ್ಕೂ ನಂಟಿದೆ ಎಂಬ ಅರಿವನ್ನು ಆ ಊಹೆ ಗಟ್ಟಿಯಾಗಿ ಬೇರೂರಿಸಿತು.

ನಿಮ್ಮ ಪ್ರಶ್ನೆಯ ತಿರುಳು ಕಣಗಳ ಸಂಖ್ಯೆಯಲ್ಲಿದೆ. ನೆಲದಿಂದ ದೂರದ ಶುದ್ಧ ಕಡಲ ಗಾಳಿಯಲ್ಲಿ ಹನಿಗೆ ಬೀಜವಾಗಬಲ್ಲ ಕಣಗಳು ಒಂದು ಘನ ಸೆಂಟಿಮೀಟರಿಗೆ ನೂರರ ಆಸುಪಾಸಿನಲ್ಲೋ ಅದಕ್ಕಿಂತ ಕಡಿಮೆಯೋ ಇರುತ್ತವೆ. ಮಲಿನಗೊಂಡ ನೆಲದ ಗಾಳಿಯಲ್ಲಿ ಸಾವಿರಕ್ಕೂ ಹೆಚ್ಚು. ಆದ್ದರಿಂದಲೇ ಸಾವಿರಾರು ಕಣಗಳಿರುವ ಕಡೆ ಇನ್ನೊಂದು ನೂರು ಸೇರಿದರೆ ಮೋಡದಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಾಗದು, ಐವತ್ತೇ ಇರುವ ಕಡೆ ಅದೇ ನೂರು ಸೇರಿದರೆ ಮೋಡದ ಸ್ವರೂಪವೇ ಬೇರೆಯಾಗುತ್ತದೆ. ಕಡಲ ಮೋಡಗಳ ಸೂಕ್ಷ್ಮತೆಗೆ ಇದೇ ಮೂಲ.

ಮೋಡದಲ್ಲಿರುವ ನೀರು ಅಷ್ಟೇ ಇದ್ದು ಅದು ಎಂಟು ಪಟ್ಟು ಹೆಚ್ಚು ಹನಿಗಳಿಗೆ ಹಂಚಿಹೋಯಿತು ಎಂದುಕೊಳ್ಳಿ. ಪ್ರತಿ ಹನಿಯ ತ್ರಿಜ್ಯ ಅರ್ಧಕ್ಕಿಳಿಯುತ್ತದೆ, ಆದರೆ ಎಲ್ಲ ಹನಿಗಳ ಒಟ್ಟು ಮೇಲ್ಮೈ ಇಮ್ಮಡಿಯಾಗುತ್ತದೆ. ಬೆಳಕನ್ನು ಚದುರಿಸುವುದು ಆ ಮೇಲ್ಮೈ. ಕಲ್ಲುಸಕ್ಕರೆಯ ಹರಳಿನ ಮೂಲಕ ಬೆಳಕು ಹಾಯುತ್ತದೆ, ಅದನ್ನೇ ಕುಟ್ಟಿ ಪುಡಿ ಮಾಡಿದರೆ ಅಚ್ಚ ಬಿಳುಪಾಗಿ ಕಾಣುತ್ತದೆ. ಮೋಡದಲ್ಲಿ ಆಗುವುದೂ ಇದೇ. ಶಾನ್ ಟೂಮಿ 1970ರ ದಶಕದಲ್ಲಿ ಇದನ್ನು ಲೆಕ್ಕಹಾಕಿ ವಿವರಿಸಿದ್ದರಿಂದ ಇದಕ್ಕೆ ಟೂಮಿ ಪರಿಣಾಮ ಎಂಬ ಹೆಸರು ನಿಂತಿದೆ.

ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಹಡಗುಗಳ ಹಿಂದೆಯೇ. ಕ್ಯಾಲಿಫೋರ್ನಿಯಾ, ಪೆರು ಮತ್ತು ಚಿಲಿ, ನಮೀಬಿಯಾ ಮತ್ತು ಅಂಗೋಲಾ ತೀರಗಳಾಚೆಯ ತಣ್ಣನೆಯ ನೀರಿನ ಮೇಲೆ ಸ್ಟ್ರಾಟೋಕ್ಯುಮುಲಸ್ ಎಂಬ ತಗ್ಗಿನ ಹಾಸುಮೋಡಗಳು ಸಾವಿರಾರು ಕಿಲೋಮೀಟರ್ ಹರಡಿಕೊಂಡಿರುತ್ತವೆ. ಇವುಗಳ ದಪ್ಪ ಕೆಲವು ನೂರು ಮೀಟರ್ ಮಾತ್ರ. ಕೆಳಗಿನ ಕಡುಬಣ್ಣದ ನೀರು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಹತ್ತನೆಯ ಒಂದು ಪಾಲನ್ನೂ ಹಿಂದಿರುಗಿಸುವುದಿಲ್ಲ. ದಟ್ಟವಾದ ಹಾಸುಮೋಡ ಅರ್ಧದಷ್ಟನ್ನು ಹಿಂದಿರುಗಿಸಬಲ್ಲದು. 1960ರ ದಶಕದಲ್ಲಿ ಅಮೆರಿಕದ ಟೈರೋಸ್ ಉಪಗ್ರಹಗಳು ಕಳಿಸಿದ ಚಿತ್ರಗಳಲ್ಲಿ ಇಂಥ ಮೋಡಗಳ ಮೇಲೆ ಉದ್ದನೆಯ ಬಿಳಿ ಗೆರೆಗಳು ಕಂಡವು. ಹಡಗಿನ ಚಿಮಣಿಯಿಂದ ಹೊರಟ ಗಂಧಕದ ಡೈಆಕ್ಸೈಡ್ ಸಲ್ಫೇಟ್ ಕಣಗಳಾಗಿ, ತೆಳುವಾದ ಮೋಡದೊಳಕ್ಕೆ ಏರಿ, ಅಲ್ಲಿನ ಹನಿಗಳನ್ನು ಸಣ್ಣದಾಗಿಯೂ ಹೆಚ್ಚಾಗಿಯೂ ಮಾಡಿದ ಗುರುತುಗಳು ಅವು. ಒಂದೊಂದು ಗೆರೆಯೂ ನೂರಾರು ಕಿಲೋಮೀಟರ್ ಉದ್ದವಿರುತ್ತದೆ, ಕೆಲವು ಒಂದು ದಿನಕ್ಕೂ ಹೆಚ್ಚು ಕಾಲ ಉಳಿಯುತ್ತವೆ. ನೀವು ಎಂಜಿನ್ ಕೋಣೆಯಲ್ಲಿ ಉರಿಸಿದ ಎಣ್ಣೆಯ ಗುಣ ಆಕಾಶದಲ್ಲಿ ಬರೆದಂತೆ ಕಾಣುವ ಇಂಥ ಸಾಕ್ಷ್ಯ ವಾಯುಮಂಡಲ ವಿಜ್ಞಾನದಲ್ಲಿ ವಿರಳ, ಮತ್ತು ಅದಕ್ಕೆ ನಾವು ಋಣಿಗಳಾಗಿರಬೇಕು.

ಅಂತರರಾಷ್ಟ್ರೀಯ ಸಾಗರಯಾನ ಸಂಸ್ಥೆಯ ನಿಯಮದಂತೆ 2020ರ ಜನವರಿ 1ರಿಂದ ಹಡಗಿನ ಎಣ್ಣೆಯಲ್ಲಿ ಗಂಧಕದ ಮಿತಿ ಶೇ 3.5ರಿಂದ ಶೇ 0.5ಕ್ಕೆ ಇಳಿಯಿತು. ಸ್ಕ್ರಬ್ಬರ್ ಎಂಬ ಹೊಗೆ ತೊಳೆಯುವ ಸಾಧನ ಅಳವಡಿಸಿಕೊಂಡ ಹಡಗುಗಳು ಹಳೆಯ ಎಣ್ಣೆಯನ್ನೇ ಬಳಸುತ್ತಿದ್ದರೂ ಅವುಗಳ ಹೊಗೆಯ ಗಂಧಕ ತೊಳೆದುಹೋಗುತ್ತದೆ. ಅದಾದ ಮೇಲೆ ಉಪಗ್ರಹ ಚಿತ್ರಗಳಲ್ಲಿ ಈ ಗೆರೆಗಳ ಸಂಖ್ಯೆ ಗಮನಾರ್ಹವಾಗಿ ಇಳಿದಿದೆ. ಗೆರೆ ಕಾಣದ ಕಡೆಯಲ್ಲೂ ಮೋಡ ಬದಲಾಗಿರುತ್ತದೆ ಎಂಬುದು ಹಡಗುಗಳು ಸಾಗಿದ ದಾರಿಯ ದಾಖಲೆಯನ್ನೂ ಉಪಗ್ರಹ ಮಾಹಿತಿಯನ್ನೂ ಒಟ್ಟಿಗಿಟ್ಟು ನೋಡಿದಾಗ ತಿಳಿದುಬಂದಿದೆ. ಹೀಗಾಗಿ ನೀವು ಓದಿದ ಸುದ್ದಿಗೆ ಆಧಾರವಿದೆ.

ಆದರೆ ಎಷ್ಟು ಎಂಬಲ್ಲಿ ಎಚ್ಚರ ಬೇಕು. ಕಣ ಹೆಚ್ಚಿದರೆ ಮೋಡ ಬಿಳುಪಾಗುತ್ತದೆ ಎಂಬಷ್ಟಕ್ಕೆ ಕತೆ ಮುಗಿಯುವುದಿಲ್ಲ. ಹನಿಗಳು ಸಣ್ಣದಾದಾಗ ಅವು ಒಂದಕ್ಕೊಂದು ಡಿಕ್ಕಿ ಹೊಡೆದು ಕೂಡಿಕೊಳ್ಳುವುದು ಕಡಿಮೆಯಾಗಿ, ತುಂತುರು ಮಳೆ ನಿಂತು, ಮೋಡ ಹೆಚ್ಚು ನೀರು ಹಿಡಿದುಕೊಂಡು ಹೆಚ್ಚು ಹೊತ್ತು ಬಾಳಬೇಕು ಎಂದು ಬ್ರೂಸ್ ಆಲ್ಬ್ರೆಕ್ಟ್ 1989ರಲ್ಲಿ ವಾದಿಸಿದರು. ಹಲವೆಡೆ ಹಾಗೆಯೇ ಆಗುತ್ತದೆ. ಇನ್ನು ಕೆಲವೆಡೆ ಅದೇ ಸಣ್ಣ ಹನಿಗಳು ಮೋಡದ ನೆತ್ತಿಯ ಮೇಲಿನ ಒಣ ಗಾಳಿಗೆ ಸಿಕ್ಕಿ ಬೇಗ ಆರಿಹೋಗಿ ಮೋಡವೇ ತೆಳುವಾಗುತ್ತದೆ. 2014ರ ಆಗಸ್ಟ್ ಕೊನೆಯಿಂದ 2015ರ ಫೆಬ್ರವರಿವರೆಗೆ ಐಸ್‌ಲ್ಯಾಂಡಿನ ಹೊಲುಹ್ರೌನ್‌ನಲ್ಲಿ ನೆಲ ಬಿರಿದು ಲಾವಾ ಉಕ್ಕಿ ಅಪಾರವಾದ ಗಂಧಕದ ಡೈಆಕ್ಸೈಡ್ ಉತ್ತರ ಅಟ್ಲಾಂಟಿಕ್ ಮೇಲೆ ಹರಡಿದಾಗ ಇದನ್ನು ಪರೀಕ್ಷಿಸುವ ಅವಕಾಶ ಒದಗಿತು. ಮೋಡದ ಹನಿಗಳು ಸಣ್ಣದಾಗಿದ್ದವು, ಟೂಮಿ ಹೇಳಿದಂತೆಯೇ. ಮೋಡದಲ್ಲಿದ್ದ ಒಟ್ಟು ನೀರು ಮಾತ್ರ ಹೆಚ್ಚಾದಂತೆ ಕಾಣಲಿಲ್ಲ. ತುಂತುರು ನಿಲ್ಲುವುದರಿಂದ ಬರುವ ಲಾಭ, ಬೇಗ ಆರುವುದರಿಂದ ಆಗುವ ನಷ್ಟ, ಇವೆರಡರಲ್ಲಿ ಯಾವುದರ ಕೈ ಮೇಲಾಗುತ್ತದೆ ಎಂಬುದು ಆ ದಿನದ ಗಾಳಿ, ಅದರ ತೇವ, ಮೋಡದ ದಪ್ಪ ಮೊದಲಾದವನ್ನು ಅವಲಂಬಿಸಿರುತ್ತದೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಕುತೂಹಲದ ಭಾಗ ಇದೇ, ಅತ್ಯಂತ ತೊಡಕಿನ ಭಾಗವೂ ಇದೇ.

ಈ ತೊಡಕಿನಿಂದಲೇ ಅಂದಾಜುಗಳ ಹರವು ದೊಡ್ಡದು. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ ಐಪಿಸಿಸಿ 2021ರ ವರದಿಯಲ್ಲಿ, 1750ರಿಂದ 2014ರವರೆಗೆ ಮನುಷ್ಯರು ಸೇರಿಸಿದ ಕಣಗಳು ಮೋಡಗಳ ಮೂಲಕ ಉಂಟುಮಾಡಿದ ತಂಪನ್ನು ಚದರ ಮೀಟರಿಗೆ ಸುಮಾರು 1 ವ್ಯಾಟ್ ಎಂದಿತು. ಜೊತೆಗೆ ಅದು 0.3 ಇರಬಹುದು, 1.7 ಇರಬಹುದು ಎಂದೂ ಹೇಳಿತು. ಕಾರ್ಬನ್ ಡೈಆಕ್ಸೈಡ್ ಒಂದರಿಂದಲೇ 2019ರ ವೇಳೆಗೆ ಆಗಿದ್ದ ಬಿಸಿಯ ಒತ್ತಡ, ಅಂದರೆ ಭೂಮಿಯಲ್ಲಿ ಹೆಚ್ಚುವರಿಯಾಗಿ ಉಳಿಯುವ ಶಕ್ತಿ, ಚದರ ಮೀಟರಿಗೆ 2.16 ವ್ಯಾಟ್, ಅದರಲ್ಲಿ ಅಷ್ಟೊಂದು ಅನಿಶ್ಚಿತತೆಯಿಲ್ಲ. ಹಡಗಿನ ಗಂಧಕ ತಗ್ಗಿದ್ದರಿಂದ ಹೆಚ್ಚಿದ ಒತ್ತಡವನ್ನು ಹೆಚ್ಚಿನ ಅಧ್ಯಯನಗಳು ಜಾಗತಿಕ ಸರಾಸರಿಯಲ್ಲಿ 0.1 ವ್ಯಾಟ್ ಆಸುಪಾಸಿನಲ್ಲಿ ಇರಿಸಿವೆ, ಕೆಲವು ಅದಕ್ಕಿಂತ ಹೆಚ್ಚೆನ್ನುತ್ತವೆ. ಹಡಗುಗಳು ದಟ್ಟವಾಗಿ ಓಡಾಡುವ ಉತ್ತರ ಅಟ್ಲಾಂಟಿಕ್, ಉತ್ತರ ಪೆಸಿಫಿಕ್ ಭಾಗಗಳಲ್ಲಿ ಅದರ ಪಾಲು ಹೆಚ್ಚು. 2023 ಮತ್ತು 2024ರ ದಾಖಲೆಯ ಬಿಸಿಗೆ ಇದೂ ಒಂದಿಷ್ಟು ಕೊಡುಗೆ ನೀಡಿರಬಹುದು, ಆದರೆ ಅದನ್ನೇ ಮುಖ್ಯ ಕಾರಣವೆಂದು ಬಿಂಬಿಸುವ ಬರಹಗಳನ್ನು ನಾನು ಒಪ್ಪುವುದಿಲ್ಲ. ಹಸಿರುಮನೆ ಅನಿಲಗಳ ಹೊರೆಯ ಮೇಲೆ ಆಗ ಪೆಸಿಫಿಕ್ ಕಡಲ ಮೇಲ್ಮೈಯನ್ನು ಬಿಸಿಯಾಗಿಸುವ ಎಲ್ ನಿನೋ ಕೂಡ ಬಂದಿತ್ತು.

ಹೊಗೆಯ ಕಣಗಳು ಬಿಸಿಯನ್ನು ಇಲ್ಲವಾಗಿಸಿರಲಿಲ್ಲ, ಮರೆಮಾಡಿದ್ದವಷ್ಟೆ. ಅವು ಮಳೆಯೊಡನೆ ತೊಳೆದುಹೋಗಿ ಗಾಳಿಯಲ್ಲಿ ಹೆಚ್ಚೆಂದರೆ ಒಂದೆರಡು ವಾರ ಇರುತ್ತವೆ, ಕಾರ್ಬನ್ ಡೈಆಕ್ಸೈಡ್ ಶತಮಾನಗಳ ಕಾಲ ಉಳಿಯುತ್ತದೆ. ಅಷ್ಟಕ್ಕೂ ಆ ಮರೆಗೆ ಬೆಲೆ ತೆತ್ತವರು ಬಂದರು ಊರುಗಳಲ್ಲಿ ಗಂಧಕದ ಹೊಗೆ ಉಸಿರಾಡಿದ ಜನ, ಅವರೊಡನೆ ಹಡಗಿನಲ್ಲಿ ದುಡಿಯುವ ನಿಮ್ಮಂಥವರೂ ಸಹ. ಆ ಎಣ್ಣೆಯನ್ನು ಬಿಟ್ಟದ್ದು ಸರಿಯಾದ ನಿರ್ಧಾರ.

ಪ್ರಶ್ನೆ: ಅರಬ್ಬೀ ಸಮುದ್ರದ ಮೇಲೂ ಹೀಗೆ ಆಗುತ್ತದೆಯೇ? ನಮ್ಮ ಕರಾವಳಿಯ ಮಳೆಯ ಮೇಲೆ ಅದರ ಪರಿಣಾಮವೇನು? (ಕುಮಟಾದ ಶಿಕ್ಷಕಿಯೊಬ್ಬರು)

ಉತ್ತರ: ಅರಬ್ಬೀ ಸಮುದ್ರದ ಗಾಳಿಗೆ ವರ್ಷದಲ್ಲಿ ಎರಡು ಮುಖಗಳಿವೆ. ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವ ಗಾಳಿ ಉಪಖಂಡದ ಹೊಗೆಯನ್ನು ಕಡಲಿಗೆ ಒಯ್ಯುತ್ತದೆ. ಮುಂಗಾರಿನಲ್ಲಿ ನೈಋತ್ಯದ ಬಿರುಗಾಳಿ ಕಡಲ ಉಪ್ಪನ್ನು ಎಬ್ಬಿಸುತ್ತದೆ, ಅರೇಬಿಯಾದ ಮರಳುಗಾಡಿನ ಧೂಳೂ ಅದರೊಡನೆ ಸೇರುತ್ತದೆ.

ಚಳಿಗಾಲದ ಹೊಗೆಯ ಪರಿಣಾಮ ಎಷ್ಟು ದೂರ ಮುಟ್ಟುತ್ತದೆ ಎಂಬುದನ್ನು 1999ರ ಜನವರಿಯಿಂದ ಮಾರ್ಚ್‌ವರೆಗೆ ಮಾಲ್ಡೀವ್ಸನ್ನು ಕೇಂದ್ರವಾಗಿಟ್ಟುಕೊಂಡು ಹಲವು ದೇಶಗಳು ಕೂಡಿ ನಡೆಸಿದ ಇಂಡೋಯೆಕ್ಸ್ ಎಂಬ ಅಧ್ಯಯನ ತೋರಿಸಿತು. ಅದರ ಮುಂದಾಳುಗಳಲ್ಲಿ ಒಬ್ಬರಾದ ವಿ. ರಾಮನಾಥನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ನಮ್ಮ ಭಾಗದ ಹೊಗೆಗೂ ಹಡಗಿನ ಸಲ್ಫೇಟಿಗೂ ಒಂದು ದೊಡ್ಡ ವ್ಯತ್ಯಾಸವಿದೆ: ಇದರಲ್ಲಿ ಸೌದೆ, ಡೀಸೆಲ್, ಕಲ್ಲಿದ್ದಲುಗಳ ಮಸಿ ಹೇರಳ. ಕಪ್ಪು ಮಸಿ ಬಿಸಿಲನ್ನು ಹೀರಿಕೊಂಡು ತನ್ನ ಸುತ್ತಲಿನ ಗಾಳಿಯನ್ನೇ ಬಿಸಿ ಮಾಡುವುದರಿಂದ, ಅಲ್ಲಿನ ಸಣ್ಣಪುಟ್ಟ ಮೋಡಗಳು ಬಿಳುಪಾಗುವ ಬದಲು ಹಗಲಿನಲ್ಲಿ ಆರಿಹೋಗಬಹುದು. ಒಂದೇ ಹೊಗೆಯಲ್ಲಿ ಮೋಡವನ್ನು ಬೆಳೆಸುವ ಸಲ್ಫೇಟೂ ಒಣಗಿಸುವ ಮಸಿಯೂ ಇರುವುದು ನಮ್ಮ ಕಡಲಿನ ವಿಶೇಷ ಸಮಸ್ಯೆ. 2006ರ ಬೇಸಿಗೆಯಲ್ಲಿ ನಮ್ಮ ವಿಜ್ಞಾನಿಗಳು ಐಕಾರ್ಬ್ ಎಂಬ ಅಧ್ಯಯನದಲ್ಲಿ ಅರಬ್ಬೀ ಸಮುದ್ರ, ಬಂಗಾಳ ಕೊಲ್ಲಿ ಎರಡರ ಮೇಲೂ ಹಡಗು, ವಿಮಾನಗಳಿಂದ ಕಣಗಳನ್ನು ಅಳೆದರು.

ಕರಾವಳಿಯ ಮುಂಗಾರು ಮಳೆಯ ಪ್ರಮಾಣವನ್ನು ಮುಖ್ಯವಾಗಿ ನಿರ್ಧರಿಸುವುದು ಕಡಲಿನಿಂದ ಬರುವ ತೇವ, ಗಾಳಿಯ ವೇಗ ಮತ್ತು ಅದನ್ನು ಮೇಲಕ್ಕೆತ್ತುವ ಘಟ್ಟ. ಕಣಗಳ ಪಾತ್ರ ಅದರೊಳಗಿನದು. ಒಂದು ಮಳೆಹನಿಗೆ ಸುಮಾರು ಹತ್ತು ಲಕ್ಷ ಮೋಡದ ಹನಿಗಳ ನೀರು ಕೂಡಬೇಕು. ದೊಡ್ಡ ಗಾತ್ರದ ಉಪ್ಪಿನ ಕಣದ ಮೇಲೆ ಕಟ್ಟಿದ ಹನಿ ಮೊದಲಿನಿಂದಲೇ ದೊಡ್ಡದಾಗಿದ್ದು, ಬೀಳುವ ದಾರಿಯಲ್ಲಿ ಸಣ್ಣವನ್ನು ಕೂಡಿಸಿಕೊಳ್ಳುತ್ತ ಮಳೆಯನ್ನು ಬೇಗ ಆರಂಭಿಸುತ್ತದೆ. ಘಟ್ಟದ ಮೋಡಗಳಲ್ಲಿ ಹಲವು ಹಿಮಗಟ್ಟುವ ಎತ್ತರಕ್ಕೆ ಏರದೆಯೇ ಸುರಿಯುವಂಥವು. ಅವುಗಳ ಅಧ್ಯಯನಕ್ಕಾಗಿಯೇ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮಹಾಬಲೇಶ್ವರದಲ್ಲಿ ಪ್ರಯೋಗಾಲಯವನ್ನು ನಡೆಸುತ್ತಿದೆ.

ಪ್ರಶ್ನೆ: ಉಪ್ಪುನೀರನ್ನು ಸಿಂಪಡಿಸಿ ಮೋಡಗಳನ್ನು ನಾವೇ ಬೆಳ್ಳಗೆ ಮಾಡಲಾಗದೇ? (ಮೈಸೂರಿನ ವಿದ್ಯಾರ್ಥಿಯೊಬ್ಬರು)

ಉತ್ತರ: ಜಾನ್ ಲೇಥಮ್ 1990ರಲ್ಲಿ ಇದನ್ನೇ ಸೂಚಿಸಿದರು. ಆಸ್ಟ್ರೇಲಿಯಾದಲ್ಲಿ ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳಗಳಿಗೆ ನೆರಳಾಗಲೆಂದು 2020ರಿಂದ ಸಣ್ಣ ಪ್ರಮಾಣದ ಪ್ರಯೋಗಗಳು ನಡೆದಿವೆ. 2024ರಲ್ಲಿ ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ ಹಳೆಯ ಯುದ್ಧನೌಕೆಯೊಂದರ ಮೇಲೆ ಆರಂಭವಾದ ತುಂತುರು ಪರೀಕ್ಷೆಯನ್ನು ನಗರ ಸಭೆ ನಿಲ್ಲಿಸಿತು. ಇಲ್ಲಿ ಕಣದ ಗಾತ್ರವೇ ಎಲ್ಲವನ್ನೂ ನಿರ್ಧರಿಸುತ್ತದೆ. ಒಂದು ಮೈಕ್ರೋಮೀಟರಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಬಹಳ ಚಿಕ್ಕದಾದ ಕಣಗಳನ್ನು ಅಪಾರ ಸಂಖ್ಯೆಯಲ್ಲಿ ಬಿಡುಗಡೆ ಮಾಡಬೇಕು. ಗಾತ್ರ ಹೆಚ್ಚಾದರೆ ಮೇಲೆ ಹೇಳಿದಂತೆ ಮಳೆ ಬೇಗ ಶುರುವಾಗಿ ಮೋಡವೇ ಕರಗಬಹುದು. ಸಂಶೋಧನೆ ನಡೆಯಲಿ ಎಂದು ನಾನು ಬಯಸುತ್ತೇನೆ, ಬಳಕೆಗೆ ಅವಸರ ಬೇಡ. ಕಣಗಳು ದಿನಗಳಲ್ಲಿ ತೊಳೆದುಹೋಗುವುದರಿಂದ ಸಿಂಪಡಣೆ ನಿಲ್ಲದೆ ನಡೆಯಬೇಕು, ನಿಲ್ಲಿಸಿದೊಡನೆ ಮರೆಯಾಗಿದ್ದ ಬಿಸಿ ಮರಳುತ್ತದೆ. ಕಾರ್ಬನ್ ಡೈಆಕ್ಸೈಡ್ ಕರಗಿ ಕಡಲ ನೀರಿನ ಆಮ್ಲೀಯತೆ ಏರುತ್ತಿರುವುದಕ್ಕೆ, ಅದರಿಂದ ಹವಳ ಮತ್ತು ಚಿಪ್ಪುಜೀವಿಗಳಿಗೆ ಆಗುತ್ತಿರುವ ಹಾನಿಗೆ, ಮೋಡ ಎಷ್ಟೇ ಬಿಳುಪಾದರೂ ಅದರಿಂದ ಪರಿಹಾರವಿಲ್ಲ.