ನಮ್ಮ ತೋಟದ ಮೇಲೆ ಯಾರ ಕಣ್ಣು?

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ನಮ್ಮ ಹಿಂದಿನ ಸಂಚಿಕೆಯಲ್ಲಿ ಭೂಮಿಯನ್ನು ಗಮನಿಸಲು ಭಾರತ, ಅಮೆರಿಕ ಸೇರಿ ಹಾರಿಸಿದ ನಿಸಾರ್ ಉಪಗ್ರಹದ ಲೇಖನ ಓದಿ ಸಿಟ್ಟಿನಿಂದ ಬರೆದಿದ್ದಾರೆ. ಪತ್ರದ ಸಾರ ಇದು: "ಭೂಮಿಯ ಆರೋಗ್ಯ ನೋಡಲು ದೇಶದೇಶಗಳು ಕೈಜೋಡಿಸಿವೆ ಎಂದು ಕೊಂಡಾಡಿದ್ದೀರಿ. ನಾವು ಕಂಡದ್ದು ಬೇರೆ. ಯುರೋಪಿನವರು ಮೇಲಿನಿಂದ ನಮ್ಮ ತೋಟ ಇಣುಕಿ ನೋಡಿ ಕಾಫಿ ಬೇಕು, ಬೇಡ ಅನ್ನುತ್ತಾರೆ. ನಾವೋ, ದುಡ್ಡು ಸುರಿದು ಹಾರಿಸಿದ ಉಪಗ್ರಹದ ಮಾಹಿತಿಯನ್ನು ಊರಿಗೆಲ್ಲ ಪುಕ್ಕಟೆ ಹಂಚುತ್ತೇವೆ. ಮಾರಿದ್ದರೆ ನಾಲ್ಕು ಕಾಸಾದರೂ ಬರುತ್ತಿತ್ತು. ಇತ್ತ ನಮ್ಮ ಪಂಚಾಯಿತಿ ಕಟ್ಟಡದ ಮೇಲಿನ ಮಳೆಮಾಪಕ ಕೆಟ್ಟು ಎರಡು ಮಳೆಗಾಲವಾಯಿತು. ನಮ್ಮ ಅಪ್ಪ 1968ರಿಂದ ನೋಟುಪುಸ್ತಕದಲ್ಲಿ ಮಳೆಯ ಲೆಕ್ಕ ಬರೆದಿಟ್ಟಿದ್ದಾರೆ, ಅದನ್ನು ಕೇಳುವವರಿಲ್ಲ." ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಮಾನ್ಯರೇ,

ನಿಮ್ಮ ಕೊನೆಯ ಎರಡು ಸಾಲು ನನ್ನನ್ನು ಹೆಚ್ಚು ಕಾಡಿದವು. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಇಣುಕುವವರ ವಿಷಯ.

ಯುರೋಪಿನ ಅರಣ್ಯನಾಶ ವಿರೋಧಿ ಕಾನೂನು 2023ರಲ್ಲಿ ಬಂತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ, ಪ್ರತಿ ತೋಟದ ಸ್ಥಳ ಗುರುತನ್ನು ಕೊಡಬೇಕು, ನಾಲ್ಕು ಹೆಕ್ಟೇರ್ ಮೀರಿದರೆ ಇಡೀ ಗಡಿರೇಖೆಯನ್ನೇ ಕೊಡಬೇಕು. ಜಾರಿಯ ದಿನಾಂಕ ಮುಂದೆ ಮುಂದೆ ಹೋಗುತ್ತಿದೆ, ನಿಮ್ಮ ಆತಂಕ ಮಾತ್ರ ಹೋಗಿಲ್ಲ. ಅದಕ್ಕೆ ಕಾರಣವೂ ಇದೆ. ನೆರಳಿನಡಿಯ ಕಾಫಿತೋಟವೂ ಪಕ್ಕದ ಕಾಡೂ ಆಕಾಶದಿಂದ ಒಂದೇ ಹಸಿರಾಗಿ ಕಾಣುತ್ತವೆ. ಕಾನೂನಿನ ಪ್ರಕಾರ ನಿಮ್ಮದು ಕೃಷಿಭೂಮಿ, ಕಾಡಲ್ಲ. ಆದರೆ ಯಂತ್ರ ಬಿಡಿಸಿದ ನಕ್ಷೆ ಅದನ್ನು ಕಾಡೆಂದು ಬಗೆದು, ನೀವು ಮರಗಸಿ ಮಾಡಿದ (ನೆರಳಿನ ಮರಗಳ ಕೊಂಬೆ ಕಡಿದ) ವರ್ಷ "ಕಾಡು ಹೋಯಿತು" ಎಂದು ಬರೆದುಕೊಂಡರೆ ಕೇಳುವುದು ಯಾರನ್ನು? ಈ ಪ್ರಶ್ನೆಯನ್ನು ನೀವು ಬಿಡಬಾರದು, ನಾವೂ ಬಿಡುವುದಿಲ್ಲ.

ಆದರೆ ಇಣುಕುವ ಕಣ್ಣು ಎಷ್ಟು ಚುರುಕು ಎಂಬುದನ್ನೂ ತಿಳಿದಿರಿ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರದಲ್ಲಿ ಒಂದು ಚುಕ್ಕೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ನಮ್ಮ ಲೆಕ್ಕದಲ್ಲಿ ಸರಿಸುಮಾರು ಒಂದು ಗುಂಟೆ. ಆ ಗುಂಟೆಯಲ್ಲಿ ಎಷ್ಟು ಸಿಲ್ವರ್ ಓಕ್, ಎಷ್ಟು ಹಾಲುವಾಣ, ಕಣದಲ್ಲಿ ಏನು ಒಣಗುತ್ತಿದೆ, ಯಾವುದೂ ಅದಕ್ಕೆ ತಿಳಿಯದು. ಆ ಚಿತ್ರಗಳು ಬ್ರಸೆಲ್ಸ್‌ನ ಅಧಿಕಾರಿಗೆ ಸಿಗುವಂತೆಯೇ, ಅದೇ ದಿನ, ಅದೇ ಬೆಲೆಗೆ, ಎಂದರೆ ಬಿಟ್ಟಿಯಾಗಿ, ನಿಮ್ಮ ಮಗಳ ಲ್ಯಾಪ್‌ಟಾಪಿಗೂ ಸಿಗುತ್ತವೆ. 2015ರಿಂದೀಚಿನ ಸೆಂಟಿನೆಲ್ ಚಿತ್ರಗಳಿವೆ, ಅದಕ್ಕೂ ಹಿಂದಿನ ದಶಕಗಳ ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳಿವೆ. "ಈ ತೋಟ 2020ಕ್ಕಿಂತ ಮೊದಲೂ ತೋಟವೇ ಆಗಿತ್ತು" ಎಂದು ಸಾಧಿಸಲು ಪಹಣಿಯ ಜೊತೆಗೆ ಇಡಬಹುದಾದ ಸಾಕ್ಷಿ ಅದು. ಈ ಭಂಡಾರಕ್ಕೆ ಬೀಗ ಬಿದ್ದಿದ್ದರೆ ಸಾಕ್ಷಿ ಕೊಳ್ಳುವವನ ಕೈಯಲ್ಲಿ ಮಾತ್ರ ಇರುತ್ತಿತ್ತು.

ಬೀಗ ಹಾಕಿ ನೋಡಿದ್ದೂ ಉಂಟು. ಲ್ಯಾಂಡ್‌ಸ್ಯಾಟ್‌ನ ಮೊದಲ ಉಪಗ್ರಹ 1972ರಲ್ಲಿ ಹಾರಿತು. 1980ರ ದಶಕದಲ್ಲಿ ಅಮೆರಿಕ ಸರ್ಕಾರ, ನೀವು ಹೇಳಿದ ಹಾಗೆಯೇ, "ಮಾರಿ ದುಡ್ಡು ಮಾಡೋಣ" ಎಂದು ಅದನ್ನು ಖಾಸಗಿ ಕಂಪನಿಗೆ ಒಪ್ಪಿಸಿತು. ಒಂದೊಂದು ಚಿತ್ರದ ಬೆಲೆ 4,000 ಡಾಲರ್ ದಾಟಿತು. ವಿಶ್ವವಿದ್ಯಾಲಯಗಳು ಕೊಳ್ಳುವುದನ್ನು ಬಿಟ್ಟವು, ಕಂಪನಿಯ ಗಲ್ಲಾಪೆಟ್ಟಿಗೆಯೂ ತುಂಬಲಿಲ್ಲ. ಮತ್ತೆ ಸರ್ಕಾರದ ಕೈಗೆ ಬಂದು ಬೆಲೆ ಇಳಿದ ಮೇಲೂ ವರ್ಷಕ್ಕೆ ಹೆಚ್ಚೆಂದರೆ ಸುಮಾರು 25,000 ಚಿತ್ರ ಹೋಗುತ್ತಿದ್ದವು. 2008ರಲ್ಲಿ ಪುಕ್ಕಟೆ ಮಾಡಿದರು. ಸುಮಾರು ಒಂದು ವರ್ಷದಲ್ಲಿ ಹತ್ತು ಲಕ್ಷ ಚಿತ್ರಗಳು ಜನರ ಕೈ ಸೇರಿದವು. ಕಾಡು ಎಲ್ಲಿ ಕರಗಿತು, ಕೆರೆ ಎಲ್ಲಿ ಬತ್ತಿತು ಎಂದು ಇಡೀ ಭೂಮಿಯ ಲೆಕ್ಕ ಹಾಕುವ ಕೆಲಸ ವೇಗ ಪಡೆದದ್ದೇ ಆಮೇಲೆ.

ನಿಸಾರ್ ಬಗ್ಗೆ "ನಮ್ಮ ದುಡ್ಡು" ಎಂದಿದ್ದೀರಿ. ಸುಮಾರು 150 ಕೋಟಿ ಡಾಲರ್ ವೆಚ್ಚದಲ್ಲಿ ದೊಡ್ಡ ಪಾಲು ಅಮೆರಿಕದ್ದು. ಎರಡು ರೇಡಾರುಗಳಲ್ಲಿ ಒಂದು ಅವರದು, ಒಂದು ಇಸ್ರೋದ್ದು. ಎರಡನ್ನೂ ಕೂಡಿಸಿ ಉಪಗ್ರಹ ಕಟ್ಟಿದ್ದು ಬೆಂಗಳೂರಿನಲ್ಲಿ, 2025ರ ಜುಲೈ 30ರಂದು ಹಾರಿಸಿದ್ದು ಶ್ರೀಹರಿಕೋಟಾದಿಂದ. ನಿಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನೇ ಕಾಣುವುದಿಲ್ಲ, ಇನ್ನು ಮಾಮೂಲಿ ಕ್ಯಾಮೆರಾದ ಉಪಗ್ರಹಕ್ಕೆ ನೆಲ ಎಲ್ಲಿ ಕಂಡೀತು? ರೇಡಾರಿಗೆ ಮೋಡದ ಹಂಗಿಲ್ಲ. ಗುಡ್ಡ ಕೆಲವು ಸೆಂಟಿಮೀಟರ್ ಜಾರಿದರೂ ಎರಡು ಚಿತ್ರ ಹೋಲಿಸಿ ಹಿಡಿಯಬಹುದು. ಆದರೆ ಅದು ಅದೇ ಜಾಗಕ್ಕೆ ಅದೇ ಕೋನದಲ್ಲಿ ಮರಳಿ ಬರುವುದು ಹನ್ನೆರಡು ದಿನಕ್ಕೊಮ್ಮೆ. ನಾಳೆ ರಾತ್ರಿ ಕುಸಿಯುವ ದರೆಯ ಬಗ್ಗೆ ಇವತ್ತು ಫೋನು ಮಾಡಿ ಎಚ್ಚರಿಸುವ ಶಕ್ತಿ ಅದಕ್ಕಿಲ್ಲ. ನಮ್ಮ ಲೇಖನದ ಉತ್ಸಾಹದಲ್ಲಿ ಈ ಮಾತು ಬಿಟ್ಟುಹೋಗಿತ್ತು, ತಪ್ಪು ನಮ್ಮದು.

ಇನ್ನು ಹಂಚಿಕೊಳ್ಳುವುದೇಕೆ ಎಂಬ ಪ್ರಶ್ನೆ. ನಿಮ್ಮೂರಲ್ಲಿ ಗದ್ದೆ ಕೆಲಸಕ್ಕೆ ಮುಯ್ಯಾಳು ಹೋಗುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ವ್ಯವಹಾರ ಇದು. ಬೆಳಗಿನ 5:30 ಮತ್ತು ಸಂಜೆ 5:30ರ ಲೆಕ್ಕಕ್ಕೆ ಮಂಗಳೂರಿನಲ್ಲಿ ಹವಾಮಾನದ ಬಲೂನು ಮೇಲೇರುವಾಗ, ಬೇರೆ ಬೇರೆ ದೇಶಗಳ ನೂರಾರು ಕೇಂದ್ರಗಳಿಂದಲೂ ಬಲೂನುಗಳು ಏರುತ್ತವೆ. ಅವುಗಳ ಅಳತೆಯೆಲ್ಲ ವಿಶ್ವ ಹವಾಮಾನ ಸಂಸ್ಥೆಯ ಜಾಲದಲ್ಲಿ ಒಟ್ಟಾಗುತ್ತದೆ. ನಮ್ಮ ಮುಂಗಾರು ಹುಟ್ಟುವುದು ನಮ್ಮ ಗಡಿಯೊಳಗಲ್ಲ. ಮಡಗಾಸ್ಕರ್ ಆಚೆಯ ಮಸ್ಕರೇನ್ ದ್ವೀಪಗಳ ಸುತ್ತಲಿನ ಅಧಿಕ ವಾಯುಒತ್ತಡದ ಪ್ರದೇಶದಿಂದ ಹೊರಟ ಗಾಳಿ ಸಮಭಾಜಕ ದಾಟಿ, ಸೊಮಾಲಿಯಾದ ಕರಾವಳಿಯಲ್ಲಿ ತಿರುಗಿ ನಮ್ಮ ಘಟ್ಟಕ್ಕೆ ಬಂದು ಬಡಿಯುತ್ತದೆ. ಮಾರಿಷಸ್‌ನವರು ಅಳೆಯುವುದನ್ನು ನಿಲ್ಲಿಸಿದರೆ ಮೂಡಿಗೆರೆಯ ಮುನ್ಸೂಚನೆಯೂ ಸೊರಗುತ್ತದೆ. ಸಮುದ್ರದಲ್ಲಿ ಸುಮಾರು 4,000 ಆರ್ಗೋ ತೇಲುಯಂತ್ರಗಳಿವೆ. ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರ್ ಆಳದಿಂದ ಮೇಲೆದ್ದು ನೀರಿನ ಬಿಸಿ, ಉಪ್ಪು ಅಳೆದು ವರದಿ ಕಳಿಸುತ್ತವೆ. ಹಿಂದೂ ಮಹಾಸಾಗರದ ಲೆಕ್ಕದಲ್ಲಿ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯಿಸ್ ಸಂಸ್ಥೆಗೂ ಪಾಲಿದೆ. ಇಷ್ಟನ್ನು ಒಬ್ಬರೇ ಮಾಡುವ ತಾಕತ್ತು ಯಾವ ದೇಶಕ್ಕೂ ಇಲ್ಲ.

ಮುಯ್ಯಿ ತಪ್ಪಿಸುವವರು ಇಲ್ಲೂ ಇದ್ದಾರೆ. 2017ರಲ್ಲಿ ಡೋಕ್ಲಾಂ ಗಡಿ ಬಿಕ್ಕಟ್ಟಿನ ವರ್ಷ ಬ್ರಹ್ಮಪುತ್ರದ ನೀರಿನ ಮಟ್ಟದ ಮಾಹಿತಿ ಚೀನಾದಿಂದ ಬರಲಿಲ್ಲ, ಮರುವರ್ಷ ಮತ್ತೆ ಬಂತು. ನಮ್ಮ ಇನ್ಸ್ಯಾಟ್ ಚಿತ್ರಗಳನ್ನು ನಾವೂ ಒಂದು ಕಾಲದಲ್ಲಿ ಹೊರಗಿನವರಿಗೆ ಸುಲಭಕ್ಕೆ ಕೊಡುತ್ತಿರಲಿಲ್ಲ.

ಕೊಡುವ ಮನಸ್ಸಿದ್ದರೂ ಸಾಲದು ಎನ್ನುವುದಕ್ಕೆ 2004ರ ಡಿಸೆಂಬರ್ 26ನ್ನು ನೆನೆಯಬೇಕು. ಸುಮಾತ್ರಾ ಬಳಿ ಭೂಮಿ ನಡುಗಿದ ಕಾಲು ಗಂಟೆಯಲ್ಲಿ ಹವಾಯಿಯ ಸುನಾಮಿ ಕೇಂದ್ರಕ್ಕೆ ಭೂಕಂಪದ ವಿಷಯ ಗೊತ್ತಾಗಿತ್ತು. ಅಲೆ ಚೆನ್ನೈ ಮುಟ್ಟಲು ಎರಡು ಗಂಟೆಗೂ ಹೆಚ್ಚು ಸಮಯವಿತ್ತು. ಹಿಂದೂ ಮಹಾಸಾಗರದ ಈ ಕಡೆ ಆ ಸುದ್ದಿ ಪಡೆದು ದಡದ ಜನಕ್ಕೆ ಮುಟ್ಟಿಸುವ ಏರ್ಪಾಡೇ ಇರಲಿಲ್ಲ. ನಮ್ಮ ದೇಶದಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಜನ ಹೋದರು. 2007ರಲ್ಲಿ ಇನ್‌ಕಾಯಿಸ್‌ನಲ್ಲಿ ಎಚ್ಚರಿಕೆ ಕೇಂದ್ರ ಶುರುವಾಯಿತು. ಇಂದು ಭಾರತ, ಆಸ್ಟ್ರೇಲಿಯಾ, ಇಂಡೋನೇಷ್ಯಾ ಮೂರೂ ಸೇರಿ ಈ ಸಾಗರದ ದೇಶಗಳಿಗೆಲ್ಲ ಸುದ್ದಿ ಕೊಡುತ್ತವೆ.

ನಡುವೆ ಒಂದು ಮಾತು. ಪ್ರವಾಹ, ಭೂಕುಸಿತವಾದಾಗ ಯಾವ ದೇಶ ಕೇಳಿದರೂ ಉಪಗ್ರಹ ಚಿತ್ರಗಳನ್ನು ಉಚಿತವಾಗಿ ಒದಗಿಸುವ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ. 2000ದಿಂದ ನಡೆಯುತ್ತಿದೆ, ಇಸ್ರೋ ಮರುವರ್ಷವೇ ಸೇರಿತು. ಅದರ ಬೀಜ ಬಿದ್ದದ್ದು 1999ರ ವಿಯೆನ್ನಾ ವಿಶ್ವಸಂಸ್ಥೆ ಸಮ್ಮೇಳನದಲ್ಲಿ. ಆ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದವರು ಉಡುಪಿ ಬಳಿಯ ಅದಮಾರಿನವರಾದ, ಇಸ್ರೋದ ಮಾಜಿ ಮುಖ್ಯಸ್ಥ ಯು. ಆರ್. ರಾವ್.

ಈಗ ನಿಮ್ಮ ಕೆಟ್ಟ ಮಳೆಮಾಪಕ. ಉಪಗ್ರಹ ಮಳೆಯನ್ನು ಅಳೆಯುವುದಿಲ್ಲ, ಅಂದಾಜಿಸುತ್ತದೆ. ಅಮೆರಿಕ, ಜಪಾನ್ ಸೇರಿ 2014ರಲ್ಲಿ ಹಾರಿಸಿದ ಉಪಗ್ರಹವನ್ನು ನಡುವಿಟ್ಟು, ಹಲವು ದೇಶಗಳ ಉಪಗ್ರಹಗಳ ಲೆಕ್ಕ ಕೂಡಿಸಿ, ಸುಮಾರು ಹತ್ತು ಕಿಲೋಮೀಟರ್ ಚೌಕಕ್ಕೆ ಒಂದು ಅಂಕಿ ಕೊಡುತ್ತಾರೆ. ನಿಮ್ಮಲ್ಲಿ ಒಂದು ಗುಡ್ಡದ ಈ ಕಡೆಗೂ ಆ ಕಡೆಗೂ ಮಳೆ ಬೇರೆ! ಪಶ್ಚಿಮ ಘಟ್ಟದ ಏರಿನಲ್ಲಿ ಮೋಡ ಎತ್ತರಕ್ಕೆ ಬೆಳೆಯದೆಯೇ ಧಾರಾಕಾರ ಸುರಿಯುತ್ತದೆ, ಅಂಥ ಮಳೆಯನ್ನು ಉಪಗ್ರಹಗಳು ಕಡಿಮೆ ತೋರಿಸುವುದು ತಜ್ಞರಿಗೆ ಗೊತ್ತಿರುವ ದೋಷ. ಅದನ್ನು ತಿದ್ದುವುದು ನೆಲದ ಮೇಲಿನ ಮಾಪಕ. ನಿಮ್ಮ ಪಂಚಾಯಿತಿಯ ಮಾಪಕ ಸತ್ತರೆ ನಿಮ್ಮ ಬೆಳೆವಿಮೆಯ ಲೆಕ್ಕ ಕೆಡುತ್ತದೆ, ಜೊತೆಗೆ ಮೇಲಿನ ಅಂದಾಜನ್ನು ತಿದ್ದುವ ಒಂದು ಸಾಕ್ಷಿಯೂ ಹೋಗುತ್ತದೆ. ದೇಶದೇಶಗಳ ಸಹಕಾರದ ಬಗ್ಗೆ ನಾಲ್ಕು ಪುಟ ಬರೆದ ನಾವು ಇದಕ್ಕೆ ಒಂದು ಸಾಲನ್ನೂ ಕೊಟ್ಟಿರಲಿಲ್ಲ. ಎರಡು ಮಳೆಗಾಲ ರಿಪೇರಿಯಾಗದ್ದಕ್ಕೆ ಸಬೂಬು ಹೇಳುವವರ ಪರ ನಾನು ವಕಾಲತ್ತು ವಹಿಸುವುದಿಲ್ಲ. ಲಿಖಿತ ದೂರು ಕೊಟ್ಟಿದ್ದರೆ ಅದರ ನಕಲು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳುತ್ತೇವೆ.

ನಿಮ್ಮ ತಂದೆಯವರ ನೋಟುಪುಸ್ತಕಗಳನ್ನು ದಯವಿಟ್ಟು ಗೆದ್ದಲಿಗೆ ಬಿಡಬೇಡಿ. ಒಂದೇ ಜಾಗದ, ಒಂದೇ ಕೈಯ, ಅರ್ಧ ಶತಮಾನ ದಾಟಿದ ಮಳೆಯ ಲೆಕ್ಕ ಯಾವ ಉಪಗ್ರಹದ ಹತ್ತಿರವೂ ಇಲ್ಲ. ಮೂಲಪ್ರತಿ ನಿಮ್ಮಲ್ಲೇ ಇರಲಿ, ಪುಟಗಳ ಫೋಟೊ ತೆಗೆದು ಕಳಿಸಿ. ಅಂಕಿಗಳನ್ನು ಕಂಪ್ಯೂಟರಿಗೆ ಹತ್ತಿಸಿ ಬಳಸುವವರ ಕೈಗೆ ಮುಟ್ಟಿಸುವ ಕೆಲಸ ನಮ್ಮದು. ಅದಕ್ಕೆ ಮುಂಚೆ ಎರಡು ವಿವರ ಬೇಕು. ಅವರು ಬರೆದದ್ದು ಇಂಚು-ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕವೋ, ಮಿಲಿಮೀಟರೋ? ಮಾಪಕದ ನೀರು ಅಳೆದು ಚೆಲ್ಲುತ್ತಿದ್ದುದು ಇಲಾಖೆಯ ರೂಢಿಯಂತೆ ಬೆಳಗ್ಗೆ ಎಂಟೂವರೆಗೋ, ಅಥವಾ ಆಳುಗಳು ಕೆಲಸಕ್ಕೆ ಬರುವ ಮುಂಚೆಯೇ ಮುಗಿಸಿಬಿಡುತ್ತಿದ್ದರೋ?

– ಸಂಪಾದಕ