ಗಾಲ್ಗಿಯೊಳಗಿನ ಸಕ್ಕರೆ ಹೊತ್ತ ಪ್ರೋಟೀನುಗಳನ್ನು ಲೆಕ್ಟಿನ್‌ನಿಂದ ನೋಡಬಹುದೇ?

ಕಾನ್‌-ಎ ಎಂಬ ಲೆಕ್ಟಿನ್ (ಸಕ್ಕರೆಗೆ ಅಂಟುವ ಪ್ರೋಟೀನ್, ಇಲ್ಲಿ ಹೊಳೆಯುವ ಬಣ್ಣ ಕಟ್ಟಿದ್ದು) ಹಾಕಿದರೆ ಇಡೀ ಕೋಶ ಬೆಳಗುತ್ತದೆ, ಗೋಧಿ ಭ್ರೂಣದ ಲೆಕ್ಟಿನ್ ಹಾಕಿದರೆ ಹೊರಪೊರೆ ಮಾತ್ರ ಹೊಳೆಯುತ್ತದೆ, ಗಾಲ್ಗಿ (ಪ್ರೋಟೀನುಗಳ ಸಕ್ಕರೆ ತಿದ್ದಿ ಕಳುಹಿಸುವ, ತಟ್ಟೆಗಳಂತೆ ಪೇರಿಸಿದ ಕೋಶಾಂಗ) ಎಲ್ಲೂ ಕಾಣುವುದಿಲ್ಲ, ಲೆಕ್ಟಿನ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಕೆಟ್ಟಿರುವ ಹಾಗೆ ಕಾಣುವುದಿಲ್ಲ. ಎರಡೂ ತಮ್ಮ ಕೆಲಸವನ್ನು ಮಾಡಿವೆ.

ಲೆಕ್ಟಿನ್‌ಗೆ ಗಾಲ್ಗಿಯ ಗುರುತಿಲ್ಲ, ಸಕ್ಕರೆಯ ಗುರುತಷ್ಟೇ ಇದೆ. 1954ರಲ್ಲಿ ವಿಲಿಯಂ ಬಾಯ್ಡ್ ಈ ಪ್ರೋಟೀನುಗಳಿಗೆ ಹೆಸರಿಟ್ಟದ್ದೂ 'ಆರಿಸು' ಎಂಬರ್ಥದ ಲ್ಯಾಟಿನ್ ಪದದಿಂದಲೇ. ಹಾಗಾಗಿ ಯಾವ ಸಕ್ಕರೆ ಎಲ್ಲಿ ಸೇರುತ್ತದೆ ಎಂಬುದನ್ನು ಮೊದಲು ನೆನಪಿಸಿಕೊಳ್ಳಿ. ಪ್ರೋಟೀನು ತಯಾರಾಗುವ ಪೊರೆಯ ಬಲೆಯಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಪ್ರೋಟೀನಿಗೆ ಹದಿನಾಲ್ಕು ಸಕ್ಕರೆಗಳ ಗೊಂಚಲೊಂದು ಒಟ್ಟಿಗೇ ಅಂಟಿಕೊಳ್ಳುತ್ತದೆ. ಅದರಲ್ಲಿ ಒಂಬತ್ತು ಮ್ಯಾನೋಸ್. ಗಾಲ್ಗಿಗೆ ಬಂದ ಮೇಲೆ ಮ್ಯಾನೋಸ್‌ಗಳಲ್ಲಿ ಹಲವು ಉದುರುತ್ತವೆ, ನಡುವಿನ ತಟ್ಟೆಗಳಲ್ಲಿ ಎನ್‌-ಅಸಿಟೈಲ್‌ಗ್ಲುಕೋಸಮೈನ್ ಸೇರುತ್ತದೆ, ಕೊನೆಯತ್ತ ಗ್ಯಾಲಕ್ಟೋಸ್, ಅದರ ಮೇಲೆ ಸಯಾಲಿಕ್ ಆಮ್ಲ. ಕಾನ್‌-ಎ ಹಿಡಿಯುವುದು ಮುಖ್ಯವಾಗಿ ಮ್ಯಾನೋಸನ್ನು. ಅದು ಕೋಶಕೇಂದ್ರದ ಸುತ್ತ ದಟ್ಟವಾಗಿ, ಅಂಚಿನತ್ತ ತೆಳು ಬಲೆಯಾಗಿ ಕಂಡರೆ ನೀವು ನೋಡುತ್ತಿರುವುದು ರೆಟಿಕ್ಯುಲಮನ್ನು. ಗಾಲ್ಗಿಯೂ ಅದರೊಳಗೆ ಎಲ್ಲೋ ಇದೆ, ಆದರೆ ಜಾತ್ರೆಯಲ್ಲಿ ಒಬ್ಬನನ್ನು ಹುಡುಕಿದ ಹಾಗೆ.

ಗೋಧಿಯ ಲೆಕ್ಟಿನ್ ಹಿಡಿಯುವುದು ಎನ್‌-ಅಸಿಟೈಲ್‌ಗ್ಲುಕೋಸಮೈನ್ ಮತ್ತು ಸಯಾಲಿಕ್ ಆಮ್ಲವನ್ನು. ಇವು ಗಾಲ್ಗಿಯ ಕೊನೆಯ ತಟ್ಟೆಗಳಲ್ಲೂ ಇವೆ, ಅಲ್ಲಿಂದ ಹೊರಟು ಹೊರಪೊರೆಯನ್ನು ಸೇರಿದ ಪ್ರೋಟೀನುಗಳಲ್ಲೂ ಇವೆ. ನಿಮಗೆ ಹೊರಪೊರೆ ಮಾತ್ರ ಕಂಡಿತು ಎಂದರೆ ಲೆಕ್ಟಿನ್ ಒಳಗೆ ಹೋಗಿಲ್ಲ ಎಂಬುದೇ ನನ್ನ ಮೊದಲ ಅನುಮಾನ. ಪರೀಕ್ಷಿಸಲು ಸುಲಭವಾದ ಗುರುತೊಂದಿದೆ: ಕೋಶಕೇಂದ್ರದ ಸುತ್ತ ಕೂದಲೆಳೆಯಂತಹ ಉಂಗುರ ಕಾಣುತ್ತದೆಯೇ ನೋಡಿ. ಕೋಶಕೇಂದ್ರದ ರಂಧ್ರಗಳ ಪ್ರೋಟೀನುಗಳ ಮೇಲೂ ಎನ್‌-ಅಸಿಟೈಲ್‌ಗ್ಲುಕೋಸಮೈನ್ ಇರುವುದರಿಂದ ಒಳಹೊಕ್ಕ ಗೋಧಿ ಲೆಕ್ಟಿನ್ ಅಲ್ಲಿ ಅಂಟುತ್ತದೆ. ಉಂಗುರವಿಲ್ಲದಿದ್ದರೆ ಹೊರಪೊರೆಯೇ ತೆರೆದಿಲ್ಲ. ಉಂಗುರ ಇದ್ದ ಮಾತ್ರಕ್ಕೆ ಗಾಲ್ಗಿ ತೆರೆದಿದೆ ಎಂದೂ ಅಲ್ಲ, ಇಲ್ಲಿಯೇ ಹಲವರು ಎಡವುತ್ತಾರೆ. ಪೊರೆಗೆ ತೂತು ಮಾಡುವ ಡಿಜಿಟೋನಿನ್ ಅನ್ನು ಸ್ವಲ್ಪವೇ ಬಳಸಿದರೆ ಹೊರಪೊರೆ ತೂತಾಗುತ್ತದೆ, ಗಾಲ್ಗಿಯ ಪೊರೆ ಹಾಗೇ ಉಳಿಯುತ್ತದೆ. ಗಾಲ್ಗಿಯ ಸಕ್ಕರೆ ಸರಪಳಿಗಳೋ ಆ ತಟ್ಟೆಗಳ ಒಳಮೈಯಲ್ಲಿವೆ. ಹಾಗಾಗಿ ಒಳಗಿನ ಪೊರೆಗಳನ್ನೂ ತೆರೆಯುವ ಟ್ರೈಟಾನ್ ಬಳಸಿ. ಸಪೋನಿನ್ ಆದರೂ ಸರಿ, ಆದರೆ ಅದು ಮಾಡಿದ ತೂತು ಮುಚ್ಚಿಕೊಳ್ಳುತ್ತದೆ, ಮುಂದಿನ ಪ್ರತಿ ಬಫರಿನಲ್ಲೂ ಅದು ಇರಬೇಕು.

ಹೊರಪೊರೆಯ ಹೊಳಪು ಆಮೇಲೂ ಕಾಡಿದರೆ, ಸ್ಥಿರೀಕರಿಸಿದ ಕೋಶಗಳಿಗೆ ತೂತು ಮಾಡುವ ಮೊದಲೇ ಬಣ್ಣವಿಲ್ಲದ ಅದೇ ಲೆಕ್ಟಿನ್ ಹಾಕಿ ಹೊರಗಿನ ಜಾಗಗಳನ್ನು ತುಂಬಿಸಿ, ನಂತರ ತೂತು ಮಾಡಿ ಬಣ್ಣದ ಲೆಕ್ಟಿನ್ ಹಾಕಿ. ಗಾಲ್ಗಿಯ ಆರಂಭದ ತಟ್ಟೆಗಳೇ ಬೇಕಿದ್ದರೆ ಹೀಲಿಕ್ಸ್ ಪೊಮೇಷಿಯ ಎಂಬ ಬಸವನಹುಳುವಿನ ಲೆಕ್ಟಿನ್ ನನಗೆ ಇಷ್ಟ. ಅದು ತುದಿಯಲ್ಲಿರುವ ಎನ್‌-ಅಸಿಟೈಲ್‌ಗ್ಯಾಲಕ್ಟೋಸಮೈನನ್ನು ಹಿಡಿಯುತ್ತದೆ. ಪ್ರೋಟೀನಿನ ಆಮ್ಲಜನಕಕ್ಕೆ ಅಂಟುವ ಸಕ್ಕರೆ ಸರಪಳಿಯ, ಅಂದರೆ ಓ-ಸರಪಳಿಯ, ಮೊದಲ ಸಕ್ಕರೆ ಅದೇ. ಕೋಶಗಳು ಎ ರಕ್ತಗುಂಪಿನವರಿಂದ ಬಂದಿದ್ದರೆ ಮಾತ್ರ ಎಚ್ಚರ, ಎ ಪ್ರತಿಜನಕದ ತುದಿಯಲ್ಲಿಯೂ ಇದೇ ಸಕ್ಕರೆ ಕುಳಿತಿರುತ್ತದೆ.

ನಾನು ಮೋಸಹೋದ ಒಂದು ಪ್ರಸಂಗ ಹೇಳುತ್ತೇನೆ. ಗಾಲ್ಗಿಯನ್ನು ಗುರುತಿಸಲು ಗಾಲ್ಗಿಯದೇ ಪ್ರೋಟೀನಾದ ಜಿಎಂ130ರ ಪ್ರತಿಕಾಯ, ಅದರ ಮೇಲೆ ಬಣ್ಣ ಹೊತ್ತ ಎರಡನೆಯ ಪ್ರತಿಕಾಯ, ಕೊನೆಗೆ ಕಾನ್‌-ಎ ಹಾಕಿದೆ. ಹಸಿರು ಮತ್ತು ಕೆಂಪು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂತವು. ಪೈಪೋಟಿಗೆ ಮೀಥೈಲ್ ಮ್ಯಾನೋಸೈಡ್ ಎಂಬ ಸಕ್ಕರೆ ಹಾಕಿದಾಗ ಕಾನ್‌-ಎ ಹೊಳಪು ಮಾಯವಾಯಿತು, ನಿಯಂತ್ರಣವೂ ಸರಿಯಾಗಿದೆ ಎಂದು ಹಿಗ್ಗಿದೆ. ಪ್ರತಿಕಾಯವೇ ಇಲ್ಲದ ಕವರ್‌ಸ್ಲಿಪ್ ಒಂದನ್ನು, ಅದೂ ಸಹೋದ್ಯೋಗಿಯ ಒತ್ತಾಯಕ್ಕೆ, ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಗಾಲ್ಗಿಯ ತೇಪೆ ಇರಲಿಲ್ಲ, ಬರಿಯ ಬಲೆ. ಪ್ರತಿಕಾಯಗಳೂ ಗ್ಲೈಕೋಪ್ರೋಟೀನುಗಳೇ, ಅಂದರೆ ಸಕ್ಕರೆ ಹೊತ್ತ ಪ್ರೋಟೀನುಗಳೇ ಅಲ್ಲವೇ? ಕಾನ್‌-ಎ ನನ್ನದೇ ಪ್ರತಿಕಾಯಗಳಿಗೆ ಅಂಟಿಕೊಂಡಿತ್ತು. ಆ ಅಂಟೂ ಸಕ್ಕರೆಯ ಮೂಲಕವೇ ಆದದ್ದರಿಂದ ಸಕ್ಕರೆಯ ಪೈಪೋಟಿ ಅದನ್ನು ಹಿಡಿದುಕೊಡಲಿಲ್ಲ. ಹಾಲಿನ ಪುಡಿ, ಸೀರಂ ಬಳಸಿ ಬ್ಲಾಕ್ ಮಾಡಬಾರದು (ಬೇಡದ ಅಂಟನ್ನು ತಡೆಯಲು ಮೊದಲೇ ಹಚ್ಚಬಾರದು) ಎನ್ನುವುದೂ ಇದೇ ಕಾರಣಕ್ಕೆ. ಇನ್ನೊಂದು ಚಿಕ್ಕ ಮಾತು: ಕಾನ್‌-ಎಗೆ ಕ್ಯಾಲ್ಸಿಯಂ ಮತ್ತು ಮ್ಯಾಂಗನೀಸ್ ಬೇಕು. ಬಫರಿನಲ್ಲಿ ಲೋಹದ ಅಯಾನುಗಳನ್ನು ಕಸಿಯುವ ಇಡಿಟಿಎ ಇದ್ದರೆ ಕತೆ ಮುಗಿಯಿತು.

ಯಾವ ತಟ್ಟೆಯಲ್ಲಿ ಯಾವ ಸಕ್ಕರೆ ಎಂದು ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಹೇಳಲು ಹೋಗಬೇಡಿ. ಅದರ ಮಿತಿಯೇ ಸುಮಾರು 200 ನ್ಯಾನೋಮೀಟರ್, ಪೇರಿಸಿದ ತಟ್ಟೆಗಳು ಅದಕ್ಕಿಂತ ಹತ್ತಿರ ಹತ್ತಿರವಾಗಿವೆ. ಅದಕ್ಕೆ ಚಿನ್ನದ ಕಣ ಕಟ್ಟಿದ ಲೆಕ್ಟಿನ್ ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಪ್ರೋಟೀನಿನ ಹೆಸರು ಬೇಕಿದ್ದರಂತೂ ಚಿತ್ರ ಸಾಲದು. ಗಾಲ್ಗಿಯ ಭಾಗವನ್ನು ಬೇರ್ಪಡಿಸಿ, ಲೆಕ್ಟಿನ್ ಕಾಲಂನಲ್ಲಿ ಹಿಡಿದು, ಸಕ್ಕರೆ ಸುರಿದು ಬಿಡಿಸಿ ನೋಡಬೇಕು.

ಮೊದಲು ಮಾತ್ರ ಗಾಲ್ಗಿಯನ್ನು ಚದುರಿಸುವ ಬ್ರೆಫೆಲ್ಡಿನ್-ಎ ಔಷಧಿಯ ಪರೀಕ್ಷೆ ಮಾಡಿ, ಅರ್ಧ ಗಂಟೆ ಸಾಕು. ಆರಂಭದ ಮತ್ತು ನಡುವಿನ ತಟ್ಟೆಗಳು ರೆಟಿಕ್ಯುಲಮ್‌ನಲ್ಲಿ ಬೆರೆತು ಜಿಎಂ130 ಚದುರುತ್ತದೆ. ಗೋಧಿ ಲೆಕ್ಟಿನ್‌ನ ತೇಪೆ ಮಾತ್ರ ಪೂರ್ತಿ ಚದುರದೆ ಕೋಶಕೇಂದ್ರದ ಪಕ್ಕದಲ್ಲಿ ಚುಕ್ಕೆಯಾಗಿ ಉಳಿದರೆ ಗಾಬರಿ ಬೇಡ. ಗಾಲ್ಗಿಯ ಹೊರದಾರಿಯ ಜಾಲ ಈ ಔಷಧಿಗೆ ಹಾಗೆಯೇ ವರ್ತಿಸುತ್ತದೆ.