ಎನ್‌ಜೈಮ್ ಕ್ಯಾಪ್ಸೂಲ್ ಬಿಟ್ಟರೆ ಏನಾಗುತ್ತದೆ?

ನಿಮ್ಮ ಕಾಕಾ ಅವರಿಗೆ ಬಹಳ ವರ್ಷದಿಂದ ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ (ಹೊಟ್ಟೆಯೊಳಗಿನ ಪ್ಯಾಂಕ್ರಿಯಾಸ್ ಗ್ರಂಥಿಯ ವಾಸಿಯಾಗದ ಉರಿಯೂತ) ಇದೆ, ಈಗ ಹೊಟ್ಟೆನೋವಿಲ್ಲ, ಎನ್‌ಜೈಮ್ ಕ್ಯಾಪ್ಸೂಲ್ ತುಟ್ಟಿ, ಬಿಡಬಹುದಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಕಲಬುರಗಿಯವನು, ಇದೇ ಕಾಯಿಲೆಯವನು, ಒಮ್ಮೆ ಬಿಟ್ಟು ನೋಡಿದವನು. ಬಿಡಬೇಡಿ.

ಅದು ನೋವಿನ ಮಾತ್ರೆಯಲ್ಲ. ಊಟ ಅರಗಿಸುವ ರಸ, ಅಂದರೆ ಎನ್‌ಜೈಮ್, ಆ ಗ್ರಂಥಿಯಿಂದ ಸಾಕಷ್ಟು ಬರುತ್ತಿಲ್ಲ, ಹೊರಗಿನಿಂದ ಕೊಡುತ್ತಾರೆ, ಅಷ್ಟೇ.

ನಾನು ಬಿಟ್ಟಾಗ ಮೊದಲು ಗೊತ್ತಾಗಿದ್ದು ಸಂಡಾಸಿನಲ್ಲಿ. ಜಿಡ್ಡು ಜಿಡ್ಡು, ಕೆಟ್ಟ ವಾಸನೆ, ಎರಡು ಬಕೆಟ್ ನೀರು ಸುರಿದರೂ ತೇಲುತ್ತಿತ್ತು. ನೀರಿನ ಮೇಲೆ ಶೇಂಗಾ ಎಣ್ಣೆ ಚೆಲ್ಲಿದ ಹಾಗೆ ಪದರ. ತಿಂದ ಕೊಬ್ಬು ಹಾಗೇ ಹೊರಗೆ ಹೋಗುತ್ತಿತ್ತು. ನಾನು ಜಾಣತನ ಮಾಡಿ ತುಪ್ಪ, ಶೇಂಗಾ ಹಿಂಡಿ, ಎಣ್ಣೆಗಾಯಿ ಎಲ್ಲ ಬಿಟ್ಟೆ. ಬರೀ ರೊಟ್ಟಿ, ತೊಗರಿ ಬೇಳೆ. ಸಂಡಾಸು ಸುಧಾರಿಸಿತು. ಪ್ಯಾಂಟು ಮಾತ್ರ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಒಂದು ಸಂಜೆ ಕರೆಂಟ್ ಹೋಯಿತು. ಮನೆಯವರಿಗೆಲ್ಲ ಅಂಗಳದ ಮೆಟ್ಟಿಲು ಮಸುಕಾಗಿಯಾದರೂ ಕಾಣುತ್ತಿತ್ತು, ನನಗೆ ಕಾಣಲಿಲ್ಲ. ಬಿದ್ದೆ, ಮಣಿಕಟ್ಟು ಮುರಿಯಿತು. ಡಾಕ್ಟರ್ ಹೇಳಿದ್ದು: ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನ ಜೊತೆಗೇ ಒಳಗೆ ಸೇರಬೇಕು. ಎ ಕಡಿಮೆಯಾದರೆ ಇರುಳುಗಣ್ಣು, ಡಿ ಕಡಿಮೆಯಾದರೆ ಮೂಳೆ ಟೊಳ್ಳು, ಕೆ ಕಡಿಮೆಯಾದರೆ ರಕ್ತ ಬೇಗ ನಿಲ್ಲಲ್ಲ. ನನ್ನ ಒಂದೇ ಬೀಳುವಿಕೆಯಲ್ಲಿ ಎರಡರ ಲೆಕ್ಕ ಸಿಕ್ಕಿತ್ತು. ಕಾಕಾ ಅವರ ವಿಟಮಿನ್ ಪರೀಕ್ಷೆ, ಮೂಳೆ ಸ್ಕ್ಯಾನ್ ಮಾಡಿಸಿ. ಸಕ್ಕರೆಯೂ ನೋಡಿಸಿ. ಇದೇ ಪ್ಯಾಂಕ್ರಿಯಾಸ್ ಗ್ರಂಥಿ ಇನ್ಸುಲಿನ್ ಮಾಡೋದು ಅಲ್ವಾ? ಇಂಥವರಿಗೆ ಸಕ್ಕರೆ ಏರೋದಲ್ಲದೆ ದಿಢೀರ್ ಇಳಿಯುವ ಭಯವೂ ಜಾಸ್ತಿ. ಬೀಡಿ, ಸರಾಯಿ ಇದ್ದರೆ ಪೂರ್ತಿ ಬಿಡಿಸಿ.

ಇನ್ನೊಂದು, ಅವರು ಕ್ಯಾಪ್ಸೂಲ್ ಯಾವಾಗ ನುಂಗುತ್ತಾರೆ ಅಂತ ನೋಡಿ. ನಾನು ಗ್ಯಾಸಿನ ಮಾತ್ರೆ ಥರ ಊಟದ ಅರ್ಧ ಗಂಟೆ ಮೊದಲೇ ತೆಗೆದುಕೊಂಡು, ಇದು ಕೆಲಸ ಮಾಡಲ್ಲ ಅಂತ ಬೈಯುತ್ತಿದ್ದೆ. ಅದು ಅನ್ನದ ಜೊತೆ ಬೆರೆಯಬೇಕು. ಮೊದಲ ತುತ್ತಿಗೆ ಒಂದು, ಊಟದ ನಡುವೆ ಇನ್ನೊಂದು. ಅಗಿಯಬಾರದು. ದೊಡ್ಡವರಿಗೆ ಊಟಕ್ಕೆ ಸಾಮಾನ್ಯವಾಗಿ 40,000ದಿಂದ 50,000 ಯೂನಿಟ್ ಲೈಪೇಸ್‌ನಿಂದ (ಕೊಬ್ಬು ಅರಗಿಸುವ ಎನ್‌ಜೈಮ್) ಶುರು, ನಡುವಿನ ಸಣ್ಣ ತಿಂಡಿಗೆ ಅರ್ಧ. 10,000ದ್ದು ಒಂದೇ ನುಂಗಿ ಪರಿಣಾಮ ಇಲ್ಲ ಅಂದರೆ ಹೇಗೆ? ಡಾಕ್ಟರನ್ನು ಕೇಳಿ ಸರಿಮಾಡಿಸಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಡಬ್ಬಿಯನ್ನು ಗಾಡಿಯ ಡಿಕ್ಕಿಯಲ್ಲಿ ಮಾತ್ರ ಇಡಬೇಡಿ, ಕಾವಿಗೆ ಎನ್‌ಜೈಮ್ ಕೆಡುತ್ತದೆ.

ಕಾಕಾ ಶುದ್ಧ ಶಾಕಾಹಾರಿ ಅಂದಿದ್ದೀರಿ. ಈ ಔಷಧ ಸಾಮಾನ್ಯವಾಗಿ ಹಂದಿಯ ಪ್ಯಾಂಕ್ರಿಯಾಸ್‌ನಿಂದ ಮಾಡಿದ್ದು. ತುಟ್ಟಿ ಅನ್ನೋದು ನೆಪವಾಗಿ, ಅಸಲಿ ಕಾರಣ ಅದೇನಾ ಅಂತ ಒಮ್ಮೆ ಮೆಲ್ಲಗೆ ಕೇಳಿ ನೋಡಿ. ನಮ್ಮ ಓಣಿಯ ಹಿರಿಯರೊಬ್ಬರು ಅದನ್ನು ಯಾರಿಗೂ ಹೇಳದೆ ತಿಂಗಳುಗಟ್ಟಲೆ ಕ್ಯಾಪ್ಸೂಲ್‌ಗಳನ್ನು ದಿಂಬಿನ ಕೆಳಗೆ ಬಚ್ಚಿಟ್ಟಿದ್ದರು.